ಎಣ್ಣೆ ಟ್ಯಾಂಕ್ ಕೂರಿಸುವ ಮೊದಲು ಜೀಪಿನ ಬಿಸಿ ನೋಡಿ

ನಮಸ್ಕಾರ. ಕಳೆದ ವಾರ ಹೊಸನಗರ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಅವರ ಹತ್ತಿರ ಹಳೆಯ ಮಹೀಂದ್ರಾ ಎಂಎಂ 540 ಜೀಪಿದೆ. "ನೀವು ಅಡುಗೆ ಎಣ್ಣೆಯಲ್ಲಿ ಜೀಪು ಓಡಿಸುತ್ತೀರಂತಲ್ಲ ಮಾರಾಯ್ರೆ, ನಾನೂ ಒಂದು ಎರಡನೇ ಟ್ಯಾಂಕ್ ಕೂರಿಸಬೇಕು, ಎಷ್ಟು ಖರ್ಚಾಗುತ್ತೆ?" ಅಂದರು. ನಾನು ಖರ್ಚು ಹೇಳಲಿಲ್ಲ. ಜೀಪು ದಿನಾ ಎಲ್ಲಿಂದ ಎಲ್ಲಿಗೆ ಓಡುತ್ತದೆ ಅಂತ ಕೇಳಿದೆ. ಮನೆಯಿಂದ ತೋಟಕ್ಕೆ, ತೋಟದಿಂದ ಸೊಸೈಟಿಗೆ, ಅಲ್ಲಿಂದ ಮನೆಗೆ. ಎಲ್ಲಾ ಸೇರಿ 10-12 ಕಿಲೋಮೀಟರ್. ಹಾಗಾದರೆ ಬೇಡ ಅಂದೆ. ಅವರಿಗೆ ಬೇಜಾರಾಯಿತು. ಯಾಕೆ ಬೇಡ ಅಂತ ಫೋನಿನಲ್ಲಿ ಸರಿಯಾಗಿ ವಿವರಿಸಲು ಆಗಲಿಲ್ಲ. ಅದನ್ನು ಇವತ್ತು ಹೇಳುತ್ತೇನೆ. ಅವರಂಥವರು ಇನ್ನೂ ತುಂಬಾ ಜನ ಇದ್ದಾರೆ.

ಮಲೆನಾಡಿನ ಮನೆಗಳಲ್ಲಿ ಚಳಿಗಾಲ ಬಂದರೆ ತೆಂಗಿನೆಣ್ಣೆ ಬಾಟಲಿ ಎಲ್ಲಿರುತ್ತದೆ ಹೇಳಿ? ಬಚ್ಚಲ ಒಲೆಯ ಕಟ್ಟೆಯ ಮೇಲೆ. ಕಪಾಟಿನಲ್ಲಿಟ್ಟರೆ ಬೆಳಿಗ್ಗೆ ಬಿಳಿ ಮೇಣದ ಹಾಗೆ ಕೂತಿರುತ್ತದೆ, ತಲೆಕೆಳಗೆ ಮಾಡಿದರೂ ಒಂದು ಹನಿ ಬೀಳುವುದಿಲ್ಲ. ಸುಮಾರು 24 ಡಿಗ್ರಿಗೇ ಅದು ಗಟ್ಟಿಯಾಗಲು ಶುರು. ಹೋಟೆಲಿನವರು ಕರಿಯಲು ಬಳಸುವ ಪಾಮ್ ಎಣ್ಣೆಯೂ ಚಳಿಗೆ ಮಬ್ಬಾಗಿ ತಳದಲ್ಲಿ ಗಸಿ ಕಟ್ಟುತ್ತದೆ. ಸೂರ್ಯಕಾಂತಿ ಎಣ್ಣೆ ಗಟ್ಟಿಯಾಗುವುದಿಲ್ಲ ನಿಜ, ಆದರೆ ಅದೂ ಡೀಸೆಲ್‌ಗಿಂತ ಹತ್ತು ಪಟ್ಟಾದರೂ ಮಂದ. ಈ ಮಂದ ಎಣ್ಣೆಯನ್ನು ಕೂದಲೆಳೆಯಂಥ ತೂತಿರುವ ನಾಝಲ್‌ನಿಂದ ಎಂಜಿನ್ ಒಳಕ್ಕೆ ಮಂಜಿನ ಹಾಗೆ ಚಿಮ್ಮಿಸಬೇಕು. ತಣ್ಣಗಿದ್ದರೆ ಮಂಜಾಗುವುದಿಲ್ಲ, ಹನಿಯಾಗಿ ಬೀಳುತ್ತದೆ. ಹನಿ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದು ನಾಝಲ್ ತುದಿಯಲ್ಲಿ ಇದ್ದಿಲಾಗಿ ಕೂರುತ್ತದೆ, ಪಿಸ್ಟನ್ ರಿಂಗ್ ಸಂದಿಯಲ್ಲಿ ಅಂಟಾಗಿ ಹಿಡಿಯುತ್ತದೆ.

ಎರಡನೇ ಟ್ಯಾಂಕ್ ಇರುವುದು ಇದಕ್ಕೇ. ಜಾಸ್ತಿ ಎಣ್ಣೆ ತುಂಬಿಸಿಕೊಳ್ಳಲು ಅಲ್ಲ. ಮೊದಲನೇ ಟ್ಯಾಂಕಿನ ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಬೇಕು. ಎಂಜಿನ್ ಬಿಸಿಯಾಗಿ ರೇಡಿಯೇಟರ್ ನೀರು 80 ಡಿಗ್ರಿ ಹತ್ತಿರ ಬಂದ ಮೇಲೆ, ಅದೇ ಬಿಸಿನೀರನ್ನು ಎಣ್ಣೆ ಟ್ಯಾಂಕ್, ಎಣ್ಣೆ ಪೈಪು, ಎಣ್ಣೆ ಫಿಲ್ಟರ್ ಸುತ್ತ ಓಡಿಸಿ ಎಣ್ಣೆಯನ್ನು ಕಾಯಿಸಬೇಕು. ಕಾದ ಎಣ್ಣೆ ತೆಳ್ಳಗಾಗುತ್ತದೆ. ಆಗ ವಾಲ್ವ್ ತಿರುಗಿಸಿ ಎಣ್ಣೆಗೆ ಬರಬೇಕು. ಗಾಡಿ ನಿಲ್ಲಿಸುವ ಮೊದಲು ಮತ್ತೆ ಡೀಸೆಲ್‌ಗೆ ತಿರುಗಿಸಿ, ಪಂಪ್ ಮತ್ತು ನಾಝಲ್‌ನಲ್ಲಿರುವ ಎಣ್ಣೆಯೆಲ್ಲ ಉರಿದು ಹೋಗುವ ತನಕ ಓಡಿಸಿ ಆಮೇಲೆ ಆಫ್ ಮಾಡಬೇಕು.

ಈಗ ಹೊಸನಗರದ ಅಣ್ಣನ ದಾರಿ ಲೆಕ್ಕ ಹಾಕಿ. ಮನೆಯಿಂದ ತೋಟಕ್ಕೆ 3 ಕಿಲೋಮೀಟರ್. ಎಂಜಿನ್ ಬಿಸಿಯಾಗುವ ಹೊತ್ತಿಗೆ ತೋಟ ಬಂದಿರುತ್ತದೆ. ಎಣ್ಣೆಗೆ ತಿರುಗಿಸುವುದು ಯಾವಾಗ? ಆಸೆಗೆ ಬಿದ್ದು ಅರ್ಧ ಬಿಸಿಯಲ್ಲೇ ತಿರುಗಿಸಿದರೆ ಎಂಜಿನ್ನೇ ಬಲಿ. ಉರಿಯದ ಎಣ್ಣೆ ರಿಂಗ್ ದಾಟಿ ಕೆಳಗಿಳಿದು ಎಂಜಿನ್ ಆಯಿಲ್ ಜೊತೆ ಸೇರುತ್ತದೆ. ಡೀಸೆಲ್ ಸೇರಿದ್ದರೆ ಬಿಸಿಗೆ ಸ್ವಲ್ಪವಾದರೂ ಆವಿಯಾಗಿ ಹೋಗುತ್ತಿತ್ತು. ಅಡುಗೆ ಎಣ್ಣೆ ಹೋಗುವುದಿಲ್ಲ. ಅಲ್ಲೇ ಸೇರುತ್ತಾ ಸೇರುತ್ತಾ ಕಡೆಗೊಂದು ದಿನ ಇಡೀ ಆಯಿಲ್ ಗೊಜ್ಜಿನ ಹಾಗಾಗುತ್ತದೆ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಒಂದು ಜೀಪಿನ ಸಂಪ್, ಅಂದರೆ ಎಂಜಿನ್ ಆಯಿಲ್ ನಿಲ್ಲುವ ತಳದ ತೊಟ್ಟಿ, ಬಿಚ್ಚಿಟ್ಟಿದ್ದರು. ಮೆಕ್ಯಾನಿಕ್ ಬೆರಳು ಹಾಕಿ ಎತ್ತಿದರೆ ಆಯಿಲ್ ಇಳಿಯಲಿಲ್ಲ, ಬೆರಳಿಗೆ ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಂತು. ಆ ಜೀಪಿನವರು ಎರಡನೇ ಟ್ಯಾಂಕೂ ಹಾಕಿರಲಿಲ್ಲ. ಡೀಸೆಲ್ ಟ್ಯಾಂಕಿಗೇ ಅರ್ಧಕ್ಕರ್ಧ ಎಣ್ಣೆ ಸುರಿದು ತೋಟಕ್ಕೆ ಓಡಾಡಿದ್ದರು. ಕೇವಲ ಒಂದು ಮಳೆಗಾಲ.

"ಡೀಸೆಲ್ ಎಂಜಿನ್ ಹುಟ್ಟಿದ್ದೇ ಕಡಲೆಕಾಯಿ ಎಣ್ಣೆಯಲ್ಲಿ ಓಡಲು" ಅಂತ ಕೆಲವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಟ್ಟೊ ಕಂಪನಿಯ ಒಂದು ಚಿಕ್ಕ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿದ್ದು ನಿಜ. ಈ ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ ಅವರೇ ಆಮೇಲೆ ಅದರ ಬಗ್ಗೆ ಹೇಳಿದ್ದಾರೆ. ಆದರೆ ಆ ಕಾಲದ ಎಂಜಿನ್‌ಗಳಲ್ಲಿ ಇಂಧನವನ್ನು ಒಳಗೆ ಊದುತ್ತಿದ್ದದ್ದು ಒತ್ತಿದ ಗಾಳಿ. ಗಾಳಿಯ ರಭಸಕ್ಕೆ ಮಂದ ಎಣ್ಣೆಯೂ ಚದುರುತ್ತಿತ್ತು. ನಮ್ಮ ಜೀಪಿನ ಪಂಪಿಗೆ ಆ ಸಹಾಯ ಇಲ್ಲ.

ನಮ್ಮ ರಾಜ್ಯದ ಉದಾಹರಣೆ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. 1990ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿ ಅನ್ನುವ ಊರಿನಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿ ತೋರಿಸಿದರು. ಆ ಕರೆಂಟಿನಿಂದ ನೀರೆತ್ತಿದರು. ಹೊಂಗೆ ಎಣ್ಣೆ ತಿನ್ನುವ ಎಣ್ಣೆ ಅಲ್ಲ, ಕಹಿ. ಹಿಂದೆ ದೀಪಕ್ಕೆ ಹಾಕುತ್ತಿದ್ದರು. ಯಾರ ಅನ್ನಕ್ಕೂ ಕೈ ಹಾಕದೆ ಸಿಗುವ ಇಂಧನ ಅದು. ಸುಮಾರು 4 ಕೆಜಿ ಬೀಜ ಗಾಣಕ್ಕೆ ಹಾಕಿದರೆ 1 ಲೀಟರ್ ಎಣ್ಣೆ. ಆದರೆ ಒಂದು ಗಮನಿಸಿ. ಜನರೇಟರ್ ಒಂದೇ ವೇಗದಲ್ಲಿ, ಒಂದೇ ಭಾರದಲ್ಲಿ, ಬಿಸಿಯಾಗಿ ಗಂಟೆಗಟ್ಟಲೆ ಓಡುತ್ತದೆ. ಎಣ್ಣೆಗೆ ಬೇಕಾದದ್ದು ಅದೇ. ತೋಟದ ಜೀಪು ಸ್ಟಾರ್ಟ್ ಆಗಿ, ಹತ್ತು ನಿಮಿಷ ಓಡಿ, ಅರ್ಧ ಗಂಟೆ ನಿಂತು, ಮತ್ತೆ ಸ್ಟಾರ್ಟ್ ಆಗುತ್ತದೆ. ಎರಡೂ ಡೀಸೆಲ್ ಎಂಜಿನ್ನೇ, ಬದುಕು ಮಾತ್ರ ಬೇರೆ ಬೇರೆ.

ಹಾಗಾದರೆ ನೀವ್ಯಾಕೆ ಓಡಿಸುತ್ತೀರಿ ಅಂತ ಕೇಳಬಹುದು. ನಾನು ವಾರಕ್ಕೊಮ್ಮೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬರುತ್ತೇನೆ. ಒಂದು ಕಡೆಗೆ ಸುಮಾರು 60 ಕಿಲೋಮೀಟರ್. ಮೊದಲ 10 ಕಿಲೋಮೀಟರ್ ಡೀಸೆಲ್, ಕೊನೆಯ 4-5 ಕಿಲೋಮೀಟರ್ ಡೀಸೆಲ್, ನಡುವಿನದೆಲ್ಲ ಎಣ್ಣೆ. ಹೋಗಿ ಬಂದರೆ 90 ಕಿಲೋಮೀಟರ್ ಎಣ್ಣೆಯಲ್ಲಿ. ನನ್ನ ಜೀಪಿನ ಮೈಲೇಜಿಗೆ 8-9 ಲೀಟರ್. ತಿಂಗಳಿಗೆ 35 ಲೀಟರ್ ಅಂದುಕೊಳ್ಳಿ. ಕರಿದ ಎಣ್ಣೆ ನನಗೆ ಲೀಟರಿಗೆ 45 ರೂಪಾಯಿಗೆ ಬೀಳುತ್ತದೆ, ಡೀಸೆಲ್ 90ರ ಆಸುಪಾಸು. ತಿಂಗಳಿಗೆ ಸುಮಾರು 1,600 ರೂಪಾಯಿ ಉಳಿತಾಯ. ಟ್ಯಾಂಕ್, ವಾಲ್ವ್, ಪೈಪು, ಕೂಲಿ ಎಲ್ಲಾ ಸೇರಿ ನನಗೆ 28 ಸಾವಿರ ಬಿದ್ದಿತ್ತು. ಎಂಜಿನ್ ಆಯಿಲ್ ಬೇರೆ ಮೊದಲಿನ ಅರ್ಧ ದೂರಕ್ಕೇ ಬದಲಾಯಿಸುತ್ತೇನೆ. ಹಾಕಿದ ದುಡ್ಡು ವಾಪಸ್ ಬರಲು ಎರಡು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ವಾರಕ್ಕೊಮ್ಮೆಯೂ ದೂರ ಹೋಗದವರಿಗೆ ಆ ದುಡ್ಡು ಯಾವತ್ತೂ ವಾಪಸ್ ಬರುವುದಿಲ್ಲ. ಅಂಗಡಿಯ ಹೊಸ ಎಣ್ಣೆ ಹಾಕುವ ಮಾತು ಬಿಡಿ. ಅದು ಡೀಸೆಲ್‌ಗಿಂತ ದುಬಾರಿ. ನಮ್ಮ ದೇಶ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಹೊರಗಿನಿಂದ ತರಿಸುತ್ತದೆ. ತಿನ್ನುವುದನ್ನು ಸುಡುವುದು ನನಗಂತೂ ಸರಿ ಕಾಣುವುದಿಲ್ಲ.

ಕರಿದ ಎಣ್ಣೆಯ ವಿಷಯ ಹಾಗಲ್ಲ. ಬಜ್ಜಿ, ಬೋಂಡ ಕರಿದು ಕರಿದು ಕಪ್ಪಾದ ಎಣ್ಣೆ ಇನ್ನೊಂದು ಬಾಣಲೆಗೆ ಹೋಗಿ ನಮ್ಮ ಮಕ್ಕಳ ಹೊಟ್ಟೆ ಸೇರುವುದಕ್ಕಿಂತ ಎಂಜಿನ್ನಿಗೆ ಬರಲಿ. 2018ರಿಂದ ಇದಕ್ಕೆ ನಿಯಮವೇ ಇದೆ. ಎಣ್ಣೆಯಲ್ಲಿ ಪೋಲಾರ್ ಅಂಶ, ಅಂದರೆ ಕಾದು ಕಾದು ಕೆಟ್ಟ ಭಾಗ, ಶೇ. 25 ದಾಟಿದರೆ ಅಡುಗೆಗೆ ಬಳಸುವ ಹಾಗಿಲ್ಲ. ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಬಳಸುವ ಹೋಟೆಲಿನವರು ಲೆಕ್ಕ ಇಟ್ಟು, ಹಳೆಯ ಎಣ್ಣೆಯನ್ನು ನಿಗದಿಯಾದ ಸಂಗ್ರಹಕಾರರಿಗೇ ಕೊಡಬೇಕು. ನಾನು ತರುವುದು ಪರಿಚಯದ ಸಣ್ಣ ಹೋಟೆಲಿನಿಂದ. ತಂದದ್ದನ್ನು ಡ್ರಮ್ಮಿನಲ್ಲಿ ಮೂರು ವಾರ ಅಲ್ಲಾಡಿಸದೆ ಬಿಡುತ್ತೇನೆ. ಮೇಲಿನ ತಿಳಿ ಮಾತ್ರ ತೆಗೆದು ಹಳೆಯ ಪಂಚೆಯ ನಾಲ್ಕು ಮಡಿಕೆಯಲ್ಲಿ ಸೋಸಿ, ಆಮೇಲೆ 5 ಮೈಕ್ರಾನ್ ಫಿಲ್ಟರ್ ಬ್ಯಾಗಿನಲ್ಲಿ ಇನ್ನೊಮ್ಮೆ. ನೀರಿನ ಅಂಶ ಇದೆಯಾ ಅಂತ ನೋಡಲು ಚೂರು ಎಣ್ಣೆಯನ್ನು ಕಾದ ಕಾವಲಿಯ ಮೇಲೆ ಬಿಡಿ. ಚಟಪಟ ಅಂದರೆ ನೀರಿದೆ, ಟ್ಯಾಂಕಿಗೆ ಹಾಕಬೇಡಿ. ನಮ್ಮ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಇನ್ನು ಮುಚ್ಚಳ ಸಡಿಲ ಇರುವ ಡ್ರಮ್ ಬಿಡುತ್ತದಾ? ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಎಣ್ಣೆ ಮುಟ್ಟುವುದೇ ಇಲ್ಲ.

ಕೂರಿಸುವವರು ಎರಡು ಕಡೆ ತಪ್ಪುತ್ತಾರೆ. ಒಂದು, ಟ್ಯಾಂಕಿನೊಳಗೆ ಬಿಸಿನೀರು ಓಡಿಸಲು ತಾಮ್ರದ ಪೈಪು ಹಾಕುತ್ತಾರೆ. ಬಗ್ಗಿಸಲು ಸುಲಭ, ಬೇಗ ಬಿಸಿಯಾಗುತ್ತದೆ ಅಂತ. ತಾಮ್ರ ತಾಗಿದ ಎಣ್ಣೆ ಬೇಗ ಅಂಟಾಗುತ್ತದೆ. ಸ್ಟೀಲ್ ಪೈಪೇ ಹಾಕಿಸಿ. ಇನ್ನೊಂದು ರಿಟರ್ನ್ ಲೈನ್. ಪಂಪಿಗೆ ಹೋಗುವ ಪೈಪಿಗೆ ವಾಲ್ವ್ ಹಾಕುತ್ತಾರೆ, ವಾಪಸ್ ಬರುವ ಪೈಪನ್ನು ಮರೆಯುತ್ತಾರೆ. ಆಗ ಎಣ್ಣೆಯಲ್ಲಿ ಓಡುವಾಗೆಲ್ಲ ಮಿಕ್ಕ ಎಣ್ಣೆ ಡೀಸೆಲ್ ಟ್ಯಾಂಕಿಗೇ ಹೋಗುತ್ತದೆ. ಒಂದು ತಿಂಗಳಲ್ಲಿ ಡೀಸೆಲ್ ಟ್ಯಾಂಕೂ ಎಣ್ಣೆ ಟ್ಯಾಂಕೇ. ಎರಡೂ ಪೈಪು ಒಟ್ಟಿಗೆ ತಿರುಗುವ ವಾಲ್ವೇ ಬೇಕು.

ಹೊಸ ಥಾರ್ ಇರುವ ಹುಡುಗರು ಇದನ್ನು ಪ್ರಯತ್ನಿಸಲೇಬೇಡಿ. ಹಳೆಯ 540ರ ಪೂಜೊ ಎಂಜಿನ್‌ನಲ್ಲಿ ಇಂಧನ ಮೊದಲು ಒಂದು ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರಿಗೆ ಬರುತ್ತದೆ. ಅದು ಸ್ವಲ್ಪ ಒರಟು ಇಂಧನವನ್ನೂ ತಡೆದುಕೊಳ್ಳುತ್ತದೆ. ಥಾರ್‌ನಂಥ ಹೊಸ ಗಾಡಿಗಳ ಕಾಮನ್ ರೈಲ್ ಎಂಜಿನ್‌ನಲ್ಲಿ ಒತ್ತಡ 1,600 ಬಾರ್ ಮೇಲೆ, ನಾಝಲ್ ತೂತು ಇನ್ನೂ ಸಣ್ಣ. 2020ರ ನಂತರದ ಬಿಎಸ್ 6 (ಹೊಗೆ ಮಿತಿಯ ಹೊಸ ನಿಯಮ) ಗಾಡಿಗಳಲ್ಲಿ ಹೊಗೆಯ ಫಿಲ್ಟರ್ ಬೇರೆ ಇದೆ. ಅಲ್ಲಿ ಎಣ್ಣೆ ಹಾಕಿದರೆ ಲಕ್ಷದ ಮೇಲೆ ಬಿಲ್ಲು. ಮತ್ತೆ, ಯಾವ ಗಾಡಿಯಾದರೂ ಸರಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಆರ್‌ಸಿಯಲ್ಲಿರುವ ವಿವರ ಬದಲಾಗುವಂಥ ಕೆಲಸವನ್ನು ನಮ್ಮಷ್ಟಕ್ಕೆ ನಾವೇ ಮಾಡುವ ಹಾಗಿಲ್ಲ. ಆರ್‌ಟಿಓ ಆಫೀಸಿನಲ್ಲೂ ಇನ್ಶೂರೆನ್ಸಿನವರ ಹತ್ತಿರವೂ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಡ್ರಿಲ್ ಹಿಡಿಯುವುದು ಆಮೇಲೆ.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಮೊದಲ ವರ್ಷ, ಡಿಸೆಂಬರ್, ಅಡಿಕೆ ಕೊಯ್ಲಿನ ಸಮಯ. ಶಿವಮೊಗ್ಗದಿಂದ ರಾತ್ರಿ ವಾಪಸ್ ಬರುವಾಗ ಮನೆ ಹತ್ತಿರ ಬಂದಿದ್ದೇನೆ, ಅಡಿಕೆ ಗೊನೆ ಇಳಿಸುವ ಕೊನೆಗಾರನ ಫೋನು. ಮಾತಾಡುತ್ತಾ ಅಂಗಳಕ್ಕೆ ಬಂದು ಹಾಗೇ ಆಫ್ ಮಾಡಿದೆ. ಡೀಸೆಲ್‌ಗೆ ತಿರುಗಿಸಿರಲಿಲ್ಲ. ಬೆಳಿಗ್ಗೆ ಆರಕ್ಕೆ ಆಳುಗಳನ್ನು ಕರೆತರಬೇಕು, ಅಂಗಳದಲ್ಲಿ ಇಬ್ಬನಿ. ಹೀಟರ್ ಹಾಕಿ ಸೆಲ್ಫ್ ಹೊಡೆದರೆ ಗೊರ್ ಗೊರ್ ಅನ್ನುತ್ತದೆ, ಹತ್ತುವುದಿಲ್ಲ. ಪಂಪಿನೊಳಗಿನ ಎಣ್ಣೆ ಮಂದವಾಗಿ ಕೂತಿತ್ತು. ಮಗ ಬಚ್ಚಲ ಹಂಡೆಯಿಂದ ಕುದಿಯುವ ನೀರು ಬಕೆಟ್ಟಿನಲ್ಲಿ ತಂದು, "ಪಂಪಿನ ಮೇಲೆ ಸುರಿಯಲಾ ಅಪ್ಪಯ್ಯ?" ಅಂದ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಸುರಿಯಬೇಡಿ ಮಾರಾಯ್ರೆ! ಒಂದೇ ಸಲ ಬಿಸಿ ತಾಗಿದರೆ ಒಳಗಿನ ಪಾರ್ಟ್ ಹಿಡಿದುಕೊಂಡುಬಿಡುತ್ತದೆ. ಗೋಣಿಚೀಲ ನೆನೆಸಿ ಹೊದಿಸಿ" ಅಂದರು. ನೆನೆಸುವುದು, ಹೊದಿಸುವುದು, ತಣ್ಣಗಾದರೆ ಮತ್ತೆ ನೆನೆಸುವುದು. ಒಂದೂವರೆ ಗಂಟೆಯಾದ ಮೇಲೆ ಕೈಪಂಪು ಒತ್ತಿ, ನಾಝಲ್ ನಟ್ಟು ಸಡಿಲಿಸಿ ಡೀಸೆಲ್ ಬರುವ ತನಕ ಸೆಲ್ಫ್ ಹೊಡೆದ ಮೇಲೆ, ಬಿಳಿ ಹೊಗೆ ಉಗುಳಿಕೊಂಡು ಜೀಪು ಹತ್ತಿತು. ಆಳುಗಳು ಅಷ್ಟು ಹೊತ್ತಿಗೆ ಬೇರೆಯವರ ತೋಟಕ್ಕೆ ಹೋಗಿಯಾಗಿತ್ತು. ಅವತ್ತೇ ಒಂದು ಸಣ್ಣ ಬಜರ್ ತಂದು ವಾಲ್ವಿನ ಸ್ವಿಚ್ಚಿಗೆ ಕಟ್ಟಿಸಿದೆ. ಎಣ್ಣೆಯಲ್ಲಿರುವಾಗ ಕೀ ಆಫ್ ಮಾಡಿದರೆ ಅದು ಕೂಗುತ್ತದೆ.

ಘಾಟಿ ಇಳಿಯುವವರಿಗೂ ಒಂದು ಮಾತು. ಆಗುಂಬೆಯಿಂದ ಸೋಮೇಶ್ವರಕ್ಕೆ 14 ತಿರುವು ಇಳಿಯುವಾಗ ಎಂಜಿನ್‌ಗೆ ಕೆಲಸವೇ ಇರುವುದಿಲ್ಲ, ತಣ್ಣಗಾಗುತ್ತಾ ಹೋಗುತ್ತದೆ. ಇಳಿಯುವ ಮೊದಲೇ ಡೀಸೆಲ್‌ಗೆ ಬನ್ನಿ. ಹತ್ತುವಾಗ ಎಣ್ಣೆ ಚೆನ್ನಾಗಿ ಉರಿಯುತ್ತದೆ.

ಹೊಸನಗರದ ಅಣ್ಣ, ನೀವು ಕೇಳಿಸಿಕೊಳ್ಳುತ್ತಿದ್ದರೆ, ನಿಮ್ಮ ತೋಟದಲ್ಲಿ ಹಳೆಯ ಡೀಸೆಲ್ ಪಂಪ್‌ಸೆಟ್ ಇದೆ ಅಂದಿರಲ್ವಾ? ಬೇಸಿಗೆಯಲ್ಲಿ ಕರೆಂಟ್ ಹೋದಾಗ ಒಂದೇ ಸಮನೆ ನಾಲ್ಕು ಗಂಟೆ ಓಡಿಸುತ್ತೀರಂತೆ. ಎರಡನೇ ಟ್ಯಾಂಕ್ ಮಾಡಿಸುವುದಿದ್ದರೆ ಅದಕ್ಕೆ ಮಾಡಿಸಿ. ಶುರು ಡೀಸೆಲ್‌ನಲ್ಲಿ, ಮುಗಿಸುವುದೂ ಡೀಸೆಲ್‌ನಲ್ಲಿ, ನಡುವೆ ಕಾಯಿಸಿದ ಎಣ್ಣೆ. ಮುಂದಿನ ಭಾನುವಾರ ನಮ್ಮ ಮನೆಗೆ ಬನ್ನಿ. ಆರು ಗಂಟೆಗೆ ಮುಂಚೆ ಬಂದರೆ ಒಳ್ಳೆಯದು. ಎಂಜಿನ್ ಪೂರ್ತಿ ತಣ್ಣಗಿರುವಾಗಿನಿಂದ ಎಣ್ಣೆಗೆ ತಿರುಗಿಸುವ ತನಕ ಎಷ್ಟು ನಿಮಿಷ ಹಿಡಿಯುತ್ತದೆ, ಗಡಿಯಾರ ಹಿಡಿದು ನೀವೇ ನೋಡಬಹುದು. ಕಾಫಿ ಆಮೇಲೆ ಕುಡಿಯೋಣ.