ಬಿರುಕಿಗೊಂದು ಗೆರೆ ಹಾಕಿಕೊಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಮಣ್ಣಿನ ಮೇಲೇ ಹಾಕುವ ಕಾಂಕ್ರೀಟ್ ನೆಲದ ಬಗ್ಗೆ ಇವತ್ತು ಮಾತಾಡೋಣ. ಗೋದಾಮು, ಅಂಗಳ, ಗಾಡಿ ನಿಲ್ಲಿಸುವ ಜಾಗ, ಇಂಥವು. ಅಡ್ಡಾದಿಡ್ಡಿ ಬಿರುಕು ಕಂಡ ಕೂಡಲೇ ಎಲ್ಲರೂ ಸಿಮೆಂಟನ್ನು ಬೈಯುತ್ತಾರೆ. ಬಹಳ ಸಲ ತಪ್ಪು ಸಿಮೆಂಟಿನದಲ್ಲ.

ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ. ಮೀಟರಿಗೆ ಸುಮಾರು ಅರ್ಧ ಮಿಲಿಮೀಟರ್ ಅಂತಿಟ್ಟುಕೊಳ್ಳಿ. 10 ಮೀಟರ್ ಉದ್ದದ ನೆಲ 5 ಮಿಲಿಮೀಟರ್ ಗಿಡ್ಡ ಆಗಬೇಕು. ಅಡಿಯ ಮಣ್ಣು ಅದನ್ನು ಸರಿಯಲು ಬಿಡುವುದಿಲ್ಲ. ಎಳೆತ ತಡೆಯುವ ಶಕ್ತಿ ಕಾಂಕ್ರೀಟಿಗೆ ಕಡಿಮೆ, ಹಾಗಾಗಿ ಸೀಳುತ್ತದೆ. ಬಿರುಕು ಬರುವುದಂತೂ ಖಂಡಿತ. ಎಲ್ಲಿ ಬರಬೇಕು ಅನ್ನುವುದನ್ನು ನಾವೇ ಗೊತ್ತು ಮಾಡಬಹುದು, ಅಲ್ವಾ?

ಅದಕ್ಕೇ ಜಾಯಿಂಟ್ ಕೊಯ್ಯುವುದು, ಅಂದರೆ ಗಟ್ಟಿಯಾಗುತ್ತಿರುವ ನೆಲದ ಮೇಲೆ ಯಂತ್ರದಿಂದ ನೇರ ಗೆರೆ ಸೀಳುವುದು. ದಪ್ಪದ ಕಾಲು ಭಾಗ ಆಳ ಕೊಯ್ದರೆ ಸಾಕು, ಬಿರುಕು ಆ ಗೆರೆಯ ಅಡಿಯಲ್ಲೇ ಇಳಿಯುತ್ತದೆ. 100 ಮಿಲಿಮೀಟರ್ ದಪ್ಪದ ನೆಲಕ್ಕೆ ಎರಡೂವರೆಯಿಂದ 3 ಮೀಟರಿಗೊಂದು ಗೆರೆ. ಭಾಗಗಳು ಆದಷ್ಟು ಚೌಕವಾಗಿರಲಿ. ಕಂಬ, ಗೋಡೆಗೆ ನೆಲ ಅಂಟಿಕೊಳ್ಳದಂತೆ ನಡುವೆ ಮೆತ್ತನೆಯ ಪಟ್ಟಿ ಇಡಿ.

ಇದೆಲ್ಲಕ್ಕಿಂತ ಮುಖ್ಯ, ಕೊಯ್ಯುವ ಹೊತ್ತು. ಸಾಮಾನ್ಯ ಯಂತ್ರದಲ್ಲಾದರೆ ನೆಲ ನಯ ಮಾಡಿ ಮುಗಿಸಿದ 4ರಿಂದ 12 ಗಂಟೆಯೊಳಗೆ. ಬಿಸಿಲಿದ್ದರೆ ಬೇಗ, ಚಳಿಯಿದ್ದರೆ ತಡ. ಒಂದು ಗೇಣು ಕೊಯ್ದು ಅಂಚು ನೋಡಿ. ಜಲ್ಲಿ ಕಿತ್ತು ಬರುತ್ತಿದ್ದರೆ ಇನ್ನೂ ಹದ ಬಂದಿಲ್ಲ. ಜಲ್ಲಿಯೇ ಕೊಯ್ದುಹೋಗಿ ಅಂಚು ಗಟ್ಟಿ ನಿಂತರೆ ಅದೇ ಸಮಯ, ಶುರು ಮಾಡಿ. ಬೆಳಿಗ್ಗೆ ನೋಡೋಣ ಅಂತ ಹೊರಟುಬಿಟ್ಟರೆ ರಾತ್ರಿಯ ತಂಪಿಗೇ ನೆಲ ಸೀಳಿರುತ್ತದೆ. ಆಮೇಲೆ ಕೊಯ್ದರೂ ಸುಮ್ನೆ ಖರ್ಚು.

ಕಂಬಿ ಜಾಲರಿ ಹಾಕಿದ್ದೇವಲ್ಲ ಅನ್ನುವವರಿದ್ದಾರೆ. ಜಾಲರಿ ಬಿರುಕನ್ನು ತಡೆಯುವುದಿಲ್ಲ, ಅಗಲವಾಗದಂತೆ ಹಿಡಿದುಕೊಳ್ಳುತ್ತದೆ ಅಷ್ಟೇ. ಅದೂ ಮೇಲಿನ ಮೂರನೇ ಒಂದು ಭಾಗದಲ್ಲಿದ್ದರೆ. ಮಣ್ಣಿಗಂಟಿ ಬಿದ್ದಿದ್ದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಕೆಳಗೆ ಕವರ್ ಬ್ಲಾಕ್, ಅಂದರೆ ಜಾಲರಿಯನ್ನು ಎತ್ತಿ ಹಿಡಿಯುವ ಸಣ್ಣ ಬಿಲ್ಲೆ, ಕೊಡಿ.

ಇನ್ನು ನೀರು. ಹರಡಲು ಸುಲಭ ಅಂತ ಬಕೆಟ್ಟುಗಟ್ಟಲೆ ಸುರಿಯುವ ಅಭ್ಯಾಸ ದಯವಿಟ್ಟು ಬಿಡಿ. ನೀರು ಜಾಸ್ತಿಯಾದಷ್ಟೂ ಕುಗ್ಗುವುದೂ ಜಾಸ್ತಿ. ಮೇಲೆ ತೇಲಿದ ನೀರಿನ ಮೇಲೆ ಒಣ ಸಿಮೆಂಟ್ ಉದುರಿಸಿ ಉಜ್ಜುವುದೂ ಬೇಡ, ಮೇಲ್ಪದರ ಏಳುತ್ತದೆ. ಜೋರು ಗಾಳಿಯಿದ್ದರೆ ಹಸಿಯಾಗಿರುವಾಗಲೇ ಸಣ್ಣ ಸೀಳು ಕಾಣುತ್ತವೆ, ಪ್ಲಾಸ್ಟಿಕ್ ಹಾಳೆ ಮುಚ್ಚಿ. ಆಮೇಲೆ 7 ದಿನ ಕ್ಯೂರಿಂಗ್. ಬೆಳಿಗ್ಗೆ ಚಿಮುಕಿಸಿ ಮಧ್ಯಾಹ್ನ ಒಣಗಲು ಬಿಟ್ಟರೆ ಅದು ಕ್ಯೂರಿಂಗ್ ಅಲ್ಲ. ಏಳೂ ದಿನ, ಹಗಲೂ ರಾತ್ರಿ ನೆಲ ಒದ್ದೆಯಾಗಿರಬೇಕು. ನಮಸ್ಕಾರ.