ರಾ ಫೈಲಿನ ಬೀಗ ತೆಗೆದವರು

ಕೇಳುಗರಿಗೆ ನಮಸ್ಕಾರ.

ಫೋಟೊಗ್ರಫಿಯ ಹುಚ್ಚಿರುವ ಇಬ್ಬರು ಎಲ್ಲೇ ಸೇರಲಿ, ಯಾವ ಕ್ಯಾಮೆರಾ, ಯಾವ ಲೆನ್ಸ್, ಎಷ್ಟು ಮೆಗಾಪಿಕ್ಸೆಲ್ ಎಂಬಲ್ಲಿಗೆ ಮಾತು ಬೇಗ ಬಂದುಬಿಡುತ್ತದೆ. ಆ ಮಾತೂ ಬೇಕು, ಬೇಡವೆನ್ನುವುದಿಲ್ಲ. ಆದರೆ ಶಟರ್ ಒತ್ತಿದ ಮೇಲೆ ಕ್ಯಾಮೆರಾದೊಳಗೆ ಏನಾಗುತ್ತದೆ, ಅಲ್ಲಿ ಆಗುವ ತೀರ್ಮಾನಗಳನ್ನು ನಮ್ಮ ಕೈಗೆ ತಂದುಕೊಟ್ಟವರು ಯಾರು ಎಂಬುದನ್ನು ನಾವು ಮಾತಾಡುವುದು ಕಡಿಮೆ. ಇವತ್ತು ಅವರ ವಿಷಯ ಹೇಳುತ್ತೇನೆ.

ಮೊದಲು ಸೆನ್ಸರ್, ಅಂದರೆ ಲೆನ್ಸಿನ ಹಿಂದೆ ಕೂತು ಬೆಳಕು ಹಿಡಿಯುವ ಚಿಪ್. ಸೆನ್ಸರಿಗೆ ಬಣ್ಣ ಕಾಣುವುದಿಲ್ಲ. ತನ್ನ ಮೇಲೆ ಎಷ್ಟು ಬೆಳಕು ಬಿತ್ತು ಎನ್ನುವುದಷ್ಟೇ ಅದಕ್ಕೆ ಗೊತ್ತು. ಹಾಗಾದರೆ ಬಣ್ಣ ಎಲ್ಲಿಂದ ಬರುತ್ತದೆ? ಕೊಡಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಒಂದು ಉಪಾಯ ಕಂಡುಹಿಡಿದು 1975ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಮರುವರ್ಷ ಪೇಟೆಂಟ್ ಸಿಕ್ಕಿತು. ಇವತ್ತಿನ ಹೆಚ್ಚಿನ ಕ್ಯಾಮೆರಾಗಳು, ನಿಮ್ಮ ಜೇಬಿನಲ್ಲಿರುವ ಫೋನೂ ಸೇರಿ, ಇನ್ನೂ ಅದೇ ಉಪಾಯವನ್ನು ನಂಬಿಕೊಂಡಿವೆ. ರಂಗೋಲಿ ಹಾಕುವ ಮೊದಲು ಸಾಲು ಸಾಲಾಗಿ ಚುಕ್ಕಿ ಇಟ್ಟಿರುತ್ತಾರಲ್ಲ, ಅದನ್ನು ಕಣ್ಮುಂದೆ ತಂದುಕೊಳ್ಳಿ. ಒಂದು ಸಾಲಿನಲ್ಲಿ ಹಸಿರು, ಕೆಂಪು, ಹಸಿರು, ಕೆಂಪು. ಅದರ ಕೆಳಗಿನ ಸಾಲಿನಲ್ಲಿ ನೀಲಿ, ಹಸಿರು, ನೀಲಿ, ಹಸಿರು. ಪ್ರತಿ ಚುಕ್ಕಿಯ ಮೇಲೂ ಆಯಾ ಬಣ್ಣದ ಪುಟ್ಟ ಫಿಲ್ಟರ್ ಕೂತಿರುತ್ತದೆ. ಬೆಳಕಿನ ಸೂಕ್ಷ್ಮ ಏರಿಳಿತಗಳನ್ನು ನಮ್ಮ ಕಣ್ಣು ಹಸಿರಿನ ಸುತ್ತಮುತ್ತಲೇ ಹೆಚ್ಚು ಚೆನ್ನಾಗಿ ಗುರುತಿಸುವುದರಿಂದ ಹಸಿರು ಚುಕ್ಕಿಗಳು ಎರಡು ಪಟ್ಟು ಇರುತ್ತವೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಎಂದರೆ 1 ಕೋಟಿ 20 ಲಕ್ಷ ಹಸಿರು ಚುಕ್ಕಿ, 60 ಲಕ್ಷ ಕೆಂಪು, 60 ಲಕ್ಷ ನೀಲಿ.

ಈಗ ಗಮನವಿಟ್ಟು ಕೇಳಿ. ಪ್ರತಿ ಚುಕ್ಕಿಗೂ ಗೊತ್ತಿರುವುದು ಒಂದೇ ಬಣ್ಣ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಲೆಕ್ಕ ಹಾಕಿ ತುಂಬಬೇಕು. ಅಂದರೆ ನಾವು ನೋಡುವ ಚಿತ್ರದ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲು ಸೆನ್ಸರ್ ಕಂಡದ್ದಲ್ಲ, ಲೆಕ್ಕದಿಂದ ಬಂದದ್ದು. ಈ ಲೆಕ್ಕಕ್ಕೆ ಡಿಮೊಸೈಕಿಂಗ್ ಎನ್ನುತ್ತಾರೆ. ಹಾಗಿದ್ದ ಮೇಲೆ ಆ ಲೆಕ್ಕ ಮಾಡುವವರು ಯಾರು, ಹೇಗೆ ಮಾಡುತ್ತಾರೆ ಎನ್ನುವುದು ಯಾವ ಲೆನ್ಸ್ ಎನ್ನುವಷ್ಟೇ ದೊಡ್ಡ ಪ್ರಶ್ನೆ.

ನೀವು ಜೆಪೆಗ್‌ನಲ್ಲಿ, ಅಂದರೆ ಎಲ್ಲೆಡೆ ತೆರೆಯುವ ಸಿದ್ಧ ಚಿತ್ರದ ಫೈಲಿನಲ್ಲಿ, ಚಿತ್ರ ತೆಗೆದರೆ ಆ ಲೆಕ್ಕ ಮಾಡುವುದು ಕ್ಯಾಮೆರಾ. ಕಣ್ಣು ಮಿಟುಕಿಸುವುದರೊಳಗೆ ಬಣ್ಣ ತುಂಬಿ, ಬೆಳಕು ಯಾವ ಬಣ್ಣದ್ದಾದರೂ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ವೈಟ್ ಬ್ಯಾಲೆನ್ಸ್ ತಾನೇ ತೀರ್ಮಾನಿಸಿ, ಕಾಂಟ್ರಾಸ್ಟ್ ಏರಿಸಿ, ನಾಯ್ಸ್ ಎಂಬ ಕಾಳುಕಾಳು ಕಲೆಗಳನ್ನು ಒರೆಸಿ, ಕೊನೆಗೆ ಫೈಲನ್ನು ಚಿಕ್ಕದು ಮಾಡಿ ಇಡುತ್ತದೆ. 14 ಬಿಟ್ ಸೆನ್ಸರ್ ಕಪ್ಪಿನಿಂದ ಬಿಳಿಯವರೆಗೆ 16,384 ಮೆಟ್ಟಿಲು ಎಣಿಸಿರುತ್ತದೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಉಳಿಯುವುದು 256. ಉಳಿದದ್ದನ್ನು ಕ್ಯಾಮೆರಾ ಎಸೆದಿರುತ್ತದೆ, ಮತ್ತೆ ಕೇಳಿದರೆ ಸಿಗುವುದಿಲ್ಲ. ಪತ್ರಿಕೆಗೆ ಹತ್ತು ನಿಮಿಷದಲ್ಲಿ ಚಿತ್ರ ಕಳಿಸಬೇಕಾದವರಿಗೆ, ಮದುವೆ ಮನೆಯಲ್ಲಿ ಸಾವಿರಾರು ಚಿತ್ರ ತೆಗೆಯುವವರಿಗೆ ಜೆಪೆಗ್ ಒಳ್ಳೆಯದೇ. ಆ 256 ಮೆಟ್ಟಿಲುಗಳನ್ನು ಕಣ್ಣಿಗೆ ಹೊಂದುವಂತೆ ಜಾಣತನದಿಂದ ಹಂಚಿರುತ್ತಾರೆ ಎಂಬುದೂ ನಿಜ. ಆದರೆ ರಂಗನತಿಟ್ಟಿನಲ್ಲಿ ಬೆಳಗಿನ ಬಿಸಿಲಿಗೆ ಮೈಯೊಡ್ಡಿ ನಿಂತ ಬೆಳ್ಳಕ್ಕಿಯನ್ನು ನೆನೆಸಿಕೊಳ್ಳಿ. ಹಿಂದೆ ಕಪ್ಪು ಬಂಡೆಯ ನೆರಳು. ಜೆಪೆಗ್‌ನಲ್ಲಿ ಆ ಹಕ್ಕಿಯ ಬೆನ್ನಿನ ಗರಿಗಳೆಲ್ಲ ಅಳಿಸಿಹೋಗಿ ಬರೀ ಬಿಳಿಯ ಪಟ್ಟಿ ಉಳಿದಿರುತ್ತದೆ. ಇಲ್ಲವೇ ಯಕ್ಷಗಾನದ ರಂಗಸ್ಥಳಕ್ಕೆ ಬನ್ನಿ. ಪ್ರಖರವಾದ ಎಲ್‌ಇಡಿ ದೀಪದಡಿಯಲ್ಲಿ ವೇಷದ ಕೆಂಪು ಬಟ್ಟೆಯ ನೆರಿಗೆಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ. ಅದೇ ಕ್ಷಣದ ರಾ ಫೈಲ್ ತೆರೆದರೆ ಅನೇಕ ಸಲ ಗರಿಗಳೂ ನೆರಿಗೆಗಳೂ ಅಲ್ಲೇ ಇರುತ್ತವೆ. ಸೆನ್ಸರ್ ಅವನ್ನು ಕಂಡಿತ್ತು, ಜೆಪೆಗ್ ಬಿಟ್ಟುಬಿಟ್ಟಿತ್ತು.

ರಾ ಎಂದರೆ ಸೆನ್ಸರ್ ಕಂಡ ಲೆಕ್ಕವನ್ನು ಇದ್ದ ಹಾಗೆ ಬರೆದಿಟ್ಟ ಫೈಲ್. ಫಿಲ್ಮಿನ ಕಾಲದ ನೆಗೆಟಿವ್ ಇದ್ದ ಜಾಗದಲ್ಲಿ ಈಗ ಇದಿದೆ. ಆದರೆ ನೆಗೆಟಿವನ್ನು ಯಾವ ಕತ್ತಲ ಕೋಣೆಗೆ ಒಯ್ದರೂ ಪ್ರಿಂಟ್ ಹಾಕಬಹುದಿತ್ತು. ರಾ ಫೈಲ್ ಹಾಗಲ್ಲ. ಕ್ಯಾನನ್ ಒಂದು ರೀತಿ ಬರೆಯುತ್ತದೆ, ನಿಕಾನ್ ಇನ್ನೊಂದು ರೀತಿ, ಸೋನಿ ಮತ್ತೊಂದು ರೀತಿ. ಒಳಗೆ ಯಾವುದು ಎಲ್ಲಿದೆ ಎಂದು ಕಂಪನಿಗಳು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ನಾವು ತೆಗೆದ ಚಿತ್ರ ನಾವೇ ನೋಡಬೇಕಾದರೂ ಕಂಪನಿ ಕೊಟ್ಟ ತಂತ್ರಾಂಶವೇ ಬೇಕು ಎನ್ನುವ ಸ್ಥಿತಿ ಇತ್ತು.

ಈ ಬೀಗಕ್ಕೆ ಕೈಹಾಕಿದವರು ಡೇವ್ ಕಾಫಿನ್ ಎಂಬ ಪ್ರೋಗ್ರಾಮರ್. 1997ರಲ್ಲಿ ಅವರು ಡಿಸಿರಾ ಎಂಬ ಪ್ರೋಗ್ರಾಮನ್ನು ಹೊರತಂದರು. ಯಾವುದೇ ಕ್ಯಾಮೆರಾದ ಯಾವುದೇ ರಾ ಫೈಲನ್ನು ಯಾವುದೇ ಕಂಪ್ಯೂಟರಿನಲ್ಲಿ ಬಿಡಿಸಿ ಓದುವಂತಿರಬೇಕು, ಇದೇ ಅವರ ಸಂಕಲ್ಪ. ಸಿ ಭಾಷೆಯಲ್ಲಿ ಬರೆದ ಒಂದೇ ಒಂದು ಫೈಲ್, ಅದರಲ್ಲೇ ಎಲ್ಲ. ಅಂದವಾದ ಬಟನ್‌ಗಳಿಲ್ಲ, ಕಿಟಕಿಗಳಿಲ್ಲ; ಆಜ್ಞೆ ಟೈಪ್ ಮಾಡಿದರೆ ಚಿತ್ರ ಬರುತ್ತದೆ, ಅಷ್ಟೆ. ಹೊಸ ಕ್ಯಾಮೆರಾ ಬಂದಾಗಲೆಲ್ಲ ಅದರ ಫೈಲಿನ ಅಂಕಿಗಳನ್ನು ಕೆದಕಿ, ಜೋಡಣೆ ಪತ್ತೆಹಚ್ಚಿ, ಅದನ್ನು ಓದುವ ಸಾಲುಗಳನ್ನು ಬರೆದು ಸೇರಿಸುತ್ತಿದ್ದರು. 2018ರ ಕೊನೆಯ ಆವೃತ್ತಿಯ ಹೊತ್ತಿಗೆ ಅದಕ್ಕೆ ನೂರಾರು ಕ್ಯಾಮೆರಾಗಳ ಭಾಷೆ ತಿಳಿದಿತ್ತು. ಉಚಿತ ತಂತ್ರಾಂಶಗಳಷ್ಟೇ ಅಲ್ಲ, ಹಣ ಕೊಟ್ಟು ಕೊಳ್ಳುವ ಹಲವು ತಂತ್ರಾಂಶಗಳೂ ಅವರ ಕೋಡನ್ನು ಬಳಸಿಕೊಂಡವು.

2005ರಲ್ಲಿ ಒಂದು ದೊಡ್ಡ ಜಟಾಪಟಿಯೇ ನಡೆಯಿತು. ನಿಕಾನ್ ಡಿ2ಎಕ್ಸ್ ಕ್ಯಾಮೆರಾದ ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸಿನ ಅಂಕಿಗಳನ್ನು ಗೂಢಲಿಪಿಯಲ್ಲಿ ಬರೆದಿಟ್ಟಿದ್ದರು. ಫೋಟೊಶಾಪ್ ರೂಪಿಸಿದವರಲ್ಲಿ ಒಬ್ಬರಾದ ಥಾಮಸ್ ನೋಲ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಕಾಫಿನ್ ಗೂಢಲಿಪಿಯನ್ನೇ ಬಿಡಿಸಿ ಡಿಸಿರಾದಲ್ಲಿ ಸೇರಿಸಿದರು. ಆ ದಿನ ಚಿತ್ರಕ್ಕೆ ಬಿದ್ದ ಬೆಳಕಿನ ಬಣ್ಣ ಯಾವುದಿತ್ತು ಎಂಬ ಮಾಹಿತಿ ಚಿತ್ರ ತೆಗೆದವರದ್ದು. ಅದಕ್ಕೆ ಬೀಗ ಹಾಕುವ ಅಧಿಕಾರ ಕ್ಯಾಮೆರಾ ಮಾರಿದವರಿಗೆ ಇಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕಾಫಿನ್ ಕೆಲಸ ನಿಂತುಹೋಗಲಿಲ್ಲ. 2008ರಲ್ಲಿ ಅದೇ ಕೋಡಿನಿಂದ, ಬೇರೆ ತಂತ್ರಾಂಶಗಳು ರಾ ಫೈಲ್ ಓದಲು ಬಳಸಿಕೊಳ್ಳುವ ಲಿಬ್‌ರಾ ಹುಟ್ಟಿ ಇವತ್ತಿಗೂ ಬೆಳೆಯುತ್ತಿದೆ. ಅತ್ತ ಹಂಗೇರಿಯ ಗಾಬೋರ್ ಹೋರ್ವಾತ್ 2004ರಲ್ಲಿ ರಾ ಫೈಲುಗಳಿಂದ ಚಿತ್ರ ಮಾಡುವ ರಾಥೆರಪಿ ಎಂಬ ತಂತ್ರಾಂಶ ಶುರುಮಾಡಿದ್ದರು. 2010ರ ಜನವರಿಯಲ್ಲಿ ಅವರು ಅದರ ಕೋಡನ್ನು ಎಲ್ಲರಿಗೂ ತೆರೆದಿಟ್ಟರು. ಮುಕ್ತವಾಗಿ ತೆರೆದಿಟ್ಟರೆ ಯಾರು ಬಂದು ಸೇರುತ್ತಾರೆ ಎಂದು ಹೇಳಲಾಗದು. ಅಲ್ಲಿಗೆ ಬಂದವರಲ್ಲಿ ಒಬ್ಬರು ಎಮಿಲ್ ಮಾರ್ಟಿನೆಕ್. ಇವರು ಷಿಕಾಗೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ. ಕಣಗಳನ್ನೆಲ್ಲ ಕಂಪಿಸುವ ಎಳೆಗಳೆಂದು ನೋಡುವ ಸ್ಟ್ರಿಂಗ್ ಸಿದ್ಧಾಂತದಲ್ಲಿ ಹೆಸರು ಮಾಡಿದವರು. 1985ರಲ್ಲಿ ಹೆಟೆರೊಟಿಕ್ ಸ್ಟ್ರಿಂಗ್ ಎಂಬ ಕಲ್ಪನೆಯನ್ನು ಮುಂದಿಟ್ಟ ನಾಲ್ವರಲ್ಲಿ ಒಬ್ಬರು. ಫೋಟೊಗ್ರಫಿ ಅವರ ಹವ್ಯಾಸ. ಸೆನ್ಸರಿನ ನಾಯ್ಸ್ ಬಗ್ಗೆ ಅವರು ಬರೆದ ಲೇಖನವನ್ನು ಹವ್ಯಾಸಿಗಳು ಇಂದಿಗೂ ಹುಡುಕಿ ಓದುತ್ತಾರೆ. ಮೂರರಲ್ಲಿ ಎರಡು ಪಾಲು ಬಣ್ಣ ಲೆಕ್ಕದಿಂದ ಬರುತ್ತದೆ ಎಂದೆನಲ್ಲ, ಆ ಲೆಕ್ಕಕ್ಕೆ ಅವರು ಅಮೇಜ್ ಎಂಬ ಹೊಸ ವಿಧಾನ ರೂಪಿಸಿ ರಾಥೆರಪಿಗೆ ಕೊಟ್ಟರು.

ಅದರಿಂದ ನಮಗೇನು ಲಾಭ? ಮೈಸೂರು ರೇಷ್ಮೆ ಸೀರೆಯ ಜರಿ ಅಂಚನ್ನೋ ಇಳಕಲ್ ಸೀರೆಯ ಸೆರಗನ್ನೋ ಚಿತ್ರ ತೆಗೆದಿದ್ದೀರಿ ಎನ್ನಿ. ನೇಯ್ಗೆಯ ಎಳೆಗಳೂ ಸೆನ್ಸರಿನ ಸಾಲುಗಳೂ ಅಡ್ಡಾದಿಡ್ಡಿ ಸೇರಿಕೊಂಡು ಸೀರೆಯಲ್ಲಿ ಇಲ್ಲದ ಬಣ್ಣದ ಅಲೆಗಳು ಮೂಡುತ್ತವೆ. ಅಂಚಿನ ಗೆರೆಗಳು ಜಿಪ್ಪಿನ ಹಲ್ಲಿನ ಹಾಗೆ ಮುರಿದು ಕಾಣುತ್ತವೆ. ಲೆಕ್ಕದ ವಿಧಾನ ಬದಲಿಸಿದರೆ ಈ ದೋಷ ಎಷ್ಟೋ ತಗ್ಗುತ್ತದೆ, ಅದೂ ಅದೇ ಹಳೆಯ ಫೈಲಿನಲ್ಲಿ. ಅಮೇಜ್ ಒಳ್ಳೆಯ ಬೆಳಕಿನಲ್ಲಿ ತೆಗೆದ, ನಾಯ್ಸ್ ಕಡಿಮೆಯಿರುವ ಚಿತ್ರಗಳಿಗೆ ಹೇಳಿಮಾಡಿಸಿದ್ದು. ಮಲೆನಾಡಿನ ಮಳೆಗಾಲದ ಮಂಕು ಬೆಳಕಿನಲ್ಲಿ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒವನ್ನು 6400ಕ್ಕೆ ಏರಿಸಿ ತೆಗೆದ ಚಿತ್ರಕ್ಕೆ ಅದೇ ತಂತ್ರಾಂಶದಲ್ಲಿರುವ ಎಲ್‌ಎಂಎಂಎಸ್‌ಇ ಇಲ್ಲವೇ ಐಜಿವಿ ವಿಧಾನ ಆರಿಸಿ ನೋಡಿ. ನಾಯ್ಸನ್ನೇ ಗೆರೆ ಎಂದು ತಪ್ಪು ತಿಳಿದು ಚಕ್ರವ್ಯೂಹದಂಥ ಸುಳ್ಳು ಗೆರೆಗಳನ್ನು ಮೂಡಿಸುವುದು ಅವುಗಳಲ್ಲಿ ಕಡಿಮೆ.

ಇಂಥದ್ದೇ ಇನ್ನೊಂದು ಉಚಿತ ತಂತ್ರಾಂಶ ಡಾರ್ಕ್‌ಟೇಬಲ್. ಯೊಹಾನೆಸ್ ಹನಿಕಾ 2009ರಲ್ಲಿ ಆರಂಭಿಸಿದ್ದು. ಇದು ನಿಮ್ಮ ರಾ ಫೈಲನ್ನು ಮುಟ್ಟುವುದೇ ಇಲ್ಲ. ನೀವು ಮಾಡಿದ ಪ್ರತಿ ತಿದ್ದುಪಡಿಯನ್ನೂ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಪುಟ್ಟ ಫೈಲಿನಲ್ಲಿ ಬರೆದಿಡುತ್ತದೆ. ಇವತ್ತಿನ ತಿದ್ದುಪಡಿ ಐದು ವರ್ಷದ ಮೇಲೆ ಇಷ್ಟವಾಗದಿದ್ದರೆ ಅಳಿಸಿ ಮೊದಲಿನಿಂದ ಶುರುಮಾಡಬಹುದು. ಕಲಿಯಲು ಸುಲಭವಲ್ಲ, ಮೊದಲ ವಾರ ತಲೆ ಕೆಡುತ್ತದೆ. ಆದರೂ ಬೆಳಕು ಎಂದರೇನೆಂದು ನನಗೆ ಇಷ್ಟು ಚೆನ್ನಾಗಿ ಕಲಿಸಿದ ತಂತ್ರಾಂಶ ಬೇರೊಂದಿಲ್ಲ.

ಕೆಲವರು ಕ್ಯಾಮೆರಾದ ಒಳಗೇ ಹೊಕ್ಕರು. ಸಿಎಚ್‌ಡಿಕೆ ಎಂಬುದು ಕ್ಯಾನನ್ ಪವರ್‌ಶಾಟ್ ಎಂಬ ಚಿಕ್ಕ ಕ್ಯಾಮೆರಾಗಳಿಗಾಗಿ ಹವ್ಯಾಸಿಗಳು ಬರೆದ ತಂತ್ರಾಂಶ. ಕ್ಯಾಮೆರಾವನ್ನು ನಡೆಸುವ ಅದರ ಸ್ವಂತ ಒಳತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು, ಅಳಿಸದೆ ಮೆಮೊರಿ ಕಾರ್ಡಿನಿಂದಲೇ ಓಡುತ್ತದೆ. ಜೆಪೆಗ್ ಬಿಟ್ಟು ಬೇರೇನೂ ಕೊಡದ ಅಗ್ಗದ ಕ್ಯಾಮೆರಾ ಇದರಿಂದ ರಾ ಫೈಲ್ ಕೊಟ್ಟಿತು, ಇಷ್ಟು ಸೆಕೆಂಡಿಗೊಂದು ಚಿತ್ರ ತೆಗೆ ಎಂದರೆ ತೆಗೆಯಿತು, ಮಿಂಚು ಹೊಳೆದ ಕೂಡಲೇ ತಾನಾಗಿ ಶಟರ್ ಒತ್ತಿಕೊಂಡಿತು. 2009ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಂಐಟಿಯ ವಿದ್ಯಾರ್ಥಿಗಳು ಕ್ಯಾನನ್ ಎ470 ಎಂಬ ಅಂಥದ್ದೇ ಪುಟ್ಟ ಕ್ಯಾಮೆರಾವನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು ಹೀಲಿಯಂ ಬಲೂನಿಗೆ ಕಟ್ಟಿ ಹಾರಿಬಿಟ್ಟರು. ಜೊತೆಗೆ ಒಂದು ಜಿಪಿಎಸ್ ಫೋನು. ಒಟ್ಟು ಖರ್ಚು ಸುಮಾರು 150 ಡಾಲರ್. ಬಲೂನು ಸುಮಾರು 28 ಕಿಲೋಮೀಟರ್ ಎತ್ತರಕ್ಕೆ ಏರಿತು. ಸಿಎಚ್‌ಡಿಕೆ ಹೇಳಿಕೊಟ್ಟಂತೆ ಕ್ಯಾಮೆರಾ ದಾರಿಯುದ್ದಕ್ಕೂ ಚಿತ್ರ ತೆಗೆಯುತ್ತ ಹೋಗಿ, ಕಪ್ಪು ಆಕಾಶದ ಅಂಚಿನಲ್ಲಿ ಬಾಗಿದ ಭೂಮಿಯ ಚಿತ್ರದೊಡನೆ ಕೆಳಗಿಳಿಯಿತು.

ಅದೇ 2009ರಲ್ಲಿ ಟ್ರ್ಯಾಮೆಲ್ ಹಡ್ಸನ್ ಎಂಬವರು ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾಕ್ಕಾಗಿ ಮ್ಯಾಜಿಕ್ ಲ್ಯಾಂಟರ್ನ್ ಎಂಬ ಇಂಥದ್ದೇ ತಂತ್ರಾಂಶ ಬರೆದರು. ವೀಡಿಯೊ ತೆಗೆಯುವವರಿಗೆ ಧ್ವನಿಯ ಮಟ್ಟ ಕಾಣಿಸುವಂತೆ ಮಾಡುವುದು ಅದರ ಮೊದಲ ಕೆಲಸಗಳಲ್ಲೊಂದು. 2013ರಲ್ಲಿ ಆ ಬಳಗದವರು 5ಡಿ ಮಾರ್ಕ್ 3ರಿಂದ ರಾ ವೀಡಿಯೊ ಹೊರತೆಗೆದರು. ಅದೇ ವರ್ಷ ಡ್ಯುಯಲ್ ಐಎಸ್‌ಒ ಬಂತು. ಒಂದೇ ಕ್ಲಿಕ್ಕಿನಲ್ಲಿ ಸೆನ್ಸರಿನ ಅರ್ಧ ಸಾಲುಗಳನ್ನು ಐಎಸ್‌ಒ 100ರಲ್ಲೂ ಉಳಿದರ್ಧವನ್ನು 800 ಇಲ್ಲವೇ 1600ರಲ್ಲೂ ಓದಿ ಸೇರಿಸುವುದು ಅದರ ಉಪಾಯ. ಚಿತ್ರದ ಸೂಕ್ಷ್ಮ ವಿವರ ಸ್ವಲ್ಪ ಕಡಿಮೆಯಾದರೂ ಬಿಸಿಲು ನೆರಳು ಎರಡೂ ಒಟ್ಟಿಗೆ ಉಳಿಯುತ್ತವೆ. ಆ ಶಕ್ತಿ ಕ್ಯಾಮೆರಾದೊಳಗೆ ಮೊದಲಿನಿಂದಲೂ ಇತ್ತು. ಒಂದು ಎಚ್ಚರಿಕೆ: ಸಿಎಚ್‌ಡಿಕೆ, ಮ್ಯಾಜಿಕ್ ಲ್ಯಾಂಟರ್ನ್ ಎರಡೂ ಕೆಲವು ಕ್ಯಾನನ್ ಮಾದರಿಗಳಿಗೆ ಮಾತ್ರ, ಕಂಪನಿಯ ಒಪ್ಪಿಗೆ ಇಲ್ಲದ್ದು. ನಿಮ್ಮ ಮಾದರಿಯ ಹೆಸರು, ಫರ್ಮ್‌ವೇರ್ ಸಂಖ್ಯೆ ಎರಡೂ ಆ ತಂತ್ರಾಂಶದವರ ಪಟ್ಟಿಯಲ್ಲಿದ್ದರಷ್ಟೇ ಕೈಹಾಕಿ.

ಹೊಸ ಕ್ಯಾಮೆರಾಕ್ಕೆ ಹಣ ಕೂಡಿಡುತ್ತಿರುವವರಿಗೆ ನನ್ನ ಸಲಹೆ: ಕೈಯಲ್ಲಿರುವುದು ರಾ ಕೊಡುತ್ತದೆ ಎಂದಾದರೆ ಅದನ್ನು ಈಗಲೇ ಮಾರಬೇಡಿ. ಮೊದಲು ಒಳ್ಳೆಯ ಲೆನ್ಸ್, ಆಮೇಲೆ ಬಣ್ಣ ಸರಿಯಾಗಿ ತೋರಿಸುವ ಮಾನಿಟರ್, ಚಿತ್ರಗಳ ಎರಡನೆಯ ಪ್ರತಿ ಇಡಲು ಹಾರ್ಡ್ ಡಿಸ್ಕ್, ಕ್ಯಾಮೆರಾ ಬಾಡಿ ಕೊನೆಗೆ. ಕ್ಯಾಮೆರಾ ಕೊಳ್ಳಲಾಗದ ವಿದ್ಯಾರ್ಥಿಗಳೂ ಹೊರಗುಳಿಯಬೇಕಿಲ್ಲ. 2014ರ ಆಂಡ್ರಾಯ್ಡ್ 5ರಿಂದ ಈಚೆಗೆ ಅನೇಕ ಫೋನುಗಳು ಡಿಎನ್‌ಜಿ ಎಂಬ ರಾ ಫೈಲ್ ಕೊಡುತ್ತವೆ. ಡಿಎನ್‌ಜಿ ಎಂಬುದು 2004ರಲ್ಲಿ ಅಡೋಬಿ ಪ್ರಕಟಿಸಿದ, ಒಳಗೇನಿದೆ ಎಂದು ಎಲ್ಲರೂ ಓದಬಹುದಾದ ವಿನ್ಯಾಸ. ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಹಾಕಿಕೊಂಡು ನಿಮ್ಮ ಫೋನಿನಲ್ಲಿ ಆ ಸೌಲಭ್ಯ ಇದೆಯೇ ನೋಡಿ. ಮೊದಮೊದಲು ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ತೆಗೆಯಿರಿ. ಜೆಪೆಗನ್ನು ಪಕ್ಕದಲ್ಲಿಟ್ಟುಕೊಂಡು, ಕ್ಯಾಮೆರಾ ಏನು ತೀರ್ಮಾನಿಸಿತು, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಒಂದೊಂದೇ ಚಿತ್ರದಲ್ಲಿ ಹುಡುಕುತ್ತ ಹೋಗಿ.

ಹೊಸ ಕ್ಯಾಮೆರಾ ಕೊಂಡವರಿಗೂ ಒಂದು ಕೋರಿಕೆ ಇದೆ. ಈ ಉಚಿತ ತಂತ್ರಾಂಶಗಳನ್ನು ಬರೆಯುವವರ ಬಳಿ ಮಾರುಕಟ್ಟೆಗೆ ಬರುವ ಎಲ್ಲ ಕ್ಯಾಮೆರಾಗಳೂ ಇರುವುದಿಲ್ಲ. ಅವರಿಗೆ ಬೇಕಾಗುವುದು ಮಾದರಿ ಫೈಲುಗಳು. ಪಿಕ್ಸೆಲ್ಸ್ ಎಂಬ ಇಂಗ್ಲಿಷ್ ಪದದಲ್ಲಿ ಇ ಅಕ್ಷರ ಬಿಟ್ಟು ಬರೆದು, ಅದರ ಕೊನೆಗೆ ಡಾಟ್ ಯುಎಸ್, ಮೊದಲಿಗೆ ರಾ ಡಾಟ್ ಸೇರಿಸಿದರೆ ಆ ಫೈಲುಗಳ ಭಂಡಾರ ಸಿಗುತ್ತದೆ. ನಿಮ್ಮ ಕ್ಯಾಮೆರಾದ ಹೆಸರು ಅಲ್ಲಿದೆಯೇ ನೋಡಿ. ಇಲ್ಲದಿದ್ದರೆ ಮನೆಯ ಅಂಗಳದ ಗಿಡವೋ ಎದುರಿನ ಗೋಡೆಯೋ ಸಾಕು, ಚೊಕ್ಕವಾಗಿ, ಅಲುಗಾಡದಂತೆ ಒಂದು ಚಿತ್ರ ತೆಗೆದು, ಕಾರ್ಡಿನಿಂದ ಬಂದ ಫೈಲನ್ನು ಏನೂ ಬದಲಿಸದೆ ಹಾಗೇ ಕಳಿಸಿಕೊಡಿ. ಗುರುತು ಸಿಗುವ ಮುಖಗಳು ಅದರಲ್ಲಿ ಬೇಡ, ಏಕೆಂದರೆ ಕಳಿಸಿದ ಮೇಲೆ ಅದನ್ನು ಯಾರು ಬೇಕಾದರೂ ಬಳಸಬಹುದು.

ನಮಸ್ಕಾರ.