ಟೆಹ್ರಾನ್‌ನಿಂದ ಶಿರಾಜ್‌ಗೆ, ಬಸ್ಸಿನಲ್ಲಿ

ಇದು ಇರಾನಿನ ರಾಜಧಾನಿ ಟೆಹ್ರಾನ್‌ನ ದಕ್ಷಿಣ ಬಸ್ ಟರ್ಮಿನಲ್. ಶೂಟ್ ಮಾಡಿದ್ದು 2023ರಲ್ಲಿ. ಇಲ್ಲಿ ಟಿಕೆಟ್ ಕೊಡುವಾಗ ಊರಿನ ಜೊತೆ ಇನ್ನೊಂದು ವಿಷಯವನ್ನೂ ಬರೆದುಕೊಳ್ಳುತ್ತಾರೆ: ಕೂರುವವರು ಹೆಂಗಸೋ ಗಂಡಸೋ. ಗುರುತಿಲ್ಲದ ಹೆಂಗಸು ಗಂಡಸು ಅಕ್ಕಪಕ್ಕ ಕೂರುವಂತಿಲ್ಲ. ಗಂಡ ಹೆಂಡತಿ, ಅಣ್ಣ ತಂಗಿ ಆದರೆ ಪರವಾಗಿಲ್ಲ. ನಾನು ಒಬ್ಬಳೇ, ಹಾಗಾಗಿ ಪಕ್ಕದ ಸೀಟು ಇನ್ನೊಬ್ಬ ಹೆಂಗಸಿಗೇ ಸೇರಬೇಕು.

ಬಸ್ಸು ಮಾತ್ರ ಸೂಪರ್. ಒಂದು ಕಡೆ ಎರಡು ಸೀಟು, ಇನ್ನೊಂದು ಕಡೆ ಒಂದೇ. ಕೂತ ತಕ್ಷಣ ಒಂದು ಡಬ್ಬಿ ಕೊಡುತ್ತಾರೆ, ಒಳಗೆ ಕೇಕು, ಬಿಸ್ಕತ್ತು, ಜ್ಯೂಸು. ನಾನು ಮೊದಲು ಇಳಿಯುವ ಊರು ಇಸ್ಫಹಾನ್‌ಗೆ ಸುಮಾರು 450 ಕಿಲೋಮೀಟರ್, ರಸ್ತೆಯಲ್ಲಿ ಒಂದು ಗುಂಡಿ ಇಲ್ಲ.

ನಿಯಮದ ಕಷ್ಟ ಶುರುವಾಗುವುದು ದಾರಿಯಲ್ಲಿ ಜನ ಹತ್ತಿದಾಗ. ಕೋಮ್ ಹತ್ತಿರ ಅಪ್ಪ, ಅಮ್ಮ, ಒಬ್ಬ ಅಜ್ಜಿ ಹತ್ತಿದರು. ಖಾಲಿ ಇದ್ದದ್ದು ಒಬ್ಬ ಹುಡುಗನ ಪಕ್ಕ ಒಂದು, ನನ್ನ ಪಕ್ಕ ಒಂದು, ಹಿಂದೆ ಒಂದು. ಡ್ರೈವರ್‌ನ ಸಹಾಯಕ ಬಂದು ಹುಡುಗನನ್ನು ಎಬ್ಬಿಸಿ ಹಿಂದಕ್ಕೆ ಕಳಿಸಿದ, ಅಪ್ಪ ಅಮ್ಮನನ್ನು ಅಲ್ಲಿ ಕೂರಿಸಿದ, ಅಜ್ಜಿಯನ್ನು ನನ್ನ ಪಕ್ಕಕ್ಕೆ ತಂದ. ಯಾರೂ ಗೊಣಗಲಿಲ್ಲ. ಅಜ್ಜಿ ಕೂತವರೇ ಚೀಲದಿಂದ ಸೌತೆಕಾಯಿ ತೆಗೆದು, ಉಪ್ಪು ಹಚ್ಚಿ ನನ್ನ ಕೈಗೆ ಕೊಟ್ಟರು. ಬೇಡ ಅಂದೆ. ಇರಾನಿನಲ್ಲಿ ಮೊದಲ ‘ಬೇಡ’ ಲೆಕ್ಕಕ್ಕೇ ಬರುವುದಿಲ್ಲ.

ಈಗ ತಲೆವಸ್ತ್ರದ ವಿಷಯ. 1979ರ ಇಸ್ಲಾಮಿಕ್ ಕ್ರಾಂತಿಯ ನಂತರ ಕೆಲವೇ ವರ್ಷಗಳಲ್ಲಿ ಅದು ಕಾನೂನಾಯಿತು. ವಿದೇಶಿಯರಿಗೂ ವಿನಾಯಿತಿ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮಹ್ಸಾ ಅಮೀನಿ ಎಂಬ 22ರ ಹುಡುಗಿ ಪೊಲೀಸರ ವಶದಲ್ಲಿ ತೀರಿಕೊಂಡಳು. ತಲೆವಸ್ತ್ರ ಸರಿಯಿಲ್ಲ ಅಂತ ಹಿಡಿದಿದ್ದರು. ಆಮೇಲೆ ಬೀದಿಗಿಳಿದವರಲ್ಲಿ ನೂರಾರು ಜನ ಸತ್ತರು. ನಾನು ಹೋದಾಗ ಟೆಹ್ರಾನ್ ಮೆಟ್ರೊದಲ್ಲಿ ಎಷ್ಟೋ ಹುಡುಗಿಯರು ತಲೆ ಮುಚ್ಚದೆ ಓಡಾಡುತ್ತಿದ್ದರು. ನಾನು ಮುಚ್ಚಿಕೊಂಡೇ ಇದ್ದೆ. ‘ಅಯ್ಯೋ, ಅಲ್ಲಿ ಎಲ್ಲಾ ಆರಾಮ, ಸುಮ್ನೆ ಹೆದರಿಸ್ತಾರೆ’ ಅಂತ ಹೇಳುವ ವಿಡಿಯೊಗಳು ಜಾಸ್ತಿ ಆಗಿವೆ ಅಲ್ವಾ? ನನಗೆ ಅದು ಒಪ್ಪಿಗೆಯಿಲ್ಲ. ನಮಗೆ ಆರಾಮ, ನಿಜ. ನಮ್ಮ ಕೈಯಲ್ಲಿ ವಾಪಸ್ ಟಿಕೆಟ್ ಇರುತ್ತದೆ.

ಇಸ್ಫಹಾನ್‌ನಲ್ಲಿ ಖಾಜೂ ಸೇತುವೆಯ ಕಮಾನುಗಳ ಕೆಳಗೆ ಸಂಜೆ ಗಂಡಸರು ಹಾಡುತ್ತಾರೆ. ದನಿ ಕಲ್ಲಿಗೆ ತಾಗಿ ತಿರುಗಿ ಬರುತ್ತದೆ, ಕೇಳಿ. ಗಂಡಸರ ಎದುರು ಹೆಣ್ಣೊಬ್ಬಳು ಒಂಟಿಯಾಗಿ ಹಾಡಲು ಇಲ್ಲಿ ಅನುಮತಿ ಇಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದಾಕೆಗೆ ಪ್ರತಿ ಸಾಲೂ ಬಾಯಿಪಾಠ. ತುಟಿ ಮಾತ್ರ ಆಡಿಸುತ್ತಿದ್ದಳು.

ಇಸ್ಫಹಾನ್‌ನ ದೊಡ್ಡ ಚೌಕದ ಮಸೀದಿಯ ನೀಲಿ ಹೆಂಚು ನೋಡಿ ಬೀದರ್ ನೆನಪಾಯಿತು. ಅಲ್ಲಿ 1472ರ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್ ಕಡೆಯವನು. ಅಲ್ಲಿನ ಗೋಡೆಯಲ್ಲೂ ಇಂಥ ಬಣ್ಣ ಅಲ್ಲಲ್ಲಿ ಉಳಿದಿದೆ.

ಯಜ್ದ್. ಮಣ್ಣಿನ ಗೋಡೆಗಳ ಓಣಿ, ಮೇಲೆ ಮನೆಯೊಳಗೆ ಗಾಳಿ ಇಳಿಸುವ ಗೋಪುರಗಳು. ಈ ಹಳೇ ಬಾಗಿಲನ್ನು ಹತ್ತಿರದಿಂದ ನೋಡಿ. ಎರಡು ಹಲಗೆ, ತಟ್ಟುವುದಕ್ಕೆ ಎರಡು ಬೇರೆ ಬೇರೆ ಕಬ್ಬಿಣ. ದಪ್ಪ ಪಟ್ಟಿ ಗಂಡಸರಿಗೆ, ತೆಳು ಬಳೆ ಹೆಂಗಸರಿಗೆ. ಸದ್ದು ಕೇಳಿ ಬಾಗಿಲು ತೆರೆಯಲು ಯಾರು ಹೋಗಬೇಕು ಅಂತ ಒಳಗಿನವರು ನಿರ್ಧರಿಸುತ್ತಿದ್ದರು. ಅಂದರೆ ಕ್ರಾಂತಿಗಿಂತ ಎಷ್ಟೋ ಹಿಂದಿನಿಂದ ಬಂದ ಪದ್ಧತಿ ಇದು. ಇದೇ ಊರಿನಲ್ಲಿ ಜೊರಾಸ್ಟ್ರಿಯನ್ನರ, ಅಂದರೆ ನಮ್ಮ ಪಾರ್ಸಿಗಳ ಧರ್ಮದವರ, ಅಗ್ನಿಮಂದಿರವೂ ಇದೆ. 1934ರ ಆ ಕಟ್ಟಡಕ್ಕೆ ಹಣ ಹೋದದ್ದು ಬಾಂಬೆಯ ಪಾರ್ಸಿಗಳಿಂದ.

ಖರ್ಚಿನ ಬಗ್ಗೆ ಒಂದೇ ಮಾತು: ನಮ್ಮ ಕಾರ್ಡುಗಳು ಇಲ್ಲಿ ನಡೆಯುವುದಿಲ್ಲ, ನಗದು ಒಯ್ಯಿರಿ. ನೋಟಿನ ಮೇಲೆ ರಿಯಾಲ್, ಜನರ ಬಾಯಲ್ಲಿ ತೊಮಾನ್. ಒಂದು ತೊಮಾನ್ ಅಂದರೆ ಹತ್ತು ರಿಯಾಲ್.

ಕೊನೆಗೆ ಶಿರಾಜ್, ಶಾಹ್ ಚೆರಾಗ್ ದರ್ಗಾ. ಹೆಂಗಸರಿಗೆ ಬೇರೆ ಬಾಗಿಲು, ಅಲ್ಲೇ ಚಾದರ್ ಕೊಡುತ್ತಾರೆ. ಹೂವಿನ ಚಿತ್ತಾರದ ದೊಡ್ಡ ಬಟ್ಟೆ ಅಷ್ಟೇ, ಗುಂಡಿ ಇಲ್ಲ, ದಾರ ಇಲ್ಲ. ಗಲ್ಲದ ಕೆಳಗೆ ಕೈಯಲ್ಲೇ ಹಿಡಿದುಕೊಳ್ಳಬೇಕು. ಒಳಗೆ ಗೋಡೆ, ಚಾವಣಿ ಎಲ್ಲಾ ಕನ್ನಡಿ ಚೂರು. ಅಷ್ಟು ಬೆಳಕಿನ ನಡುವೆ ಹೆಂಗಸರು ಗೋಡೆಗೊರಗಿ ಕಷ್ಟಸುಖ ಮಾತಾಡುತ್ತಾರೆ, ಮಕ್ಕಳು ಜಾರಿ ಆಡುತ್ತವೆ. ಒಂದು ಕೈಯಲ್ಲಿ ಚಾದರ್, ಒಂದು ಕೈಯಲ್ಲಿ ಫೋನು, ಅದಕ್ಕೇ ಈ ಶಾಟ್ ಇಷ್ಟು ಅಲ್ಲಾಡುತ್ತಿದೆ. ಮುಂದಿನ ವಿಡಿಯೊದಲ್ಲಿ ಹಳೇ ಪರ್ಷಿಯಾದ ರಾಜಧಾನಿಯ ಅವಶೇಷ, ಪರ್ಸೆಪೊಲಿಸ್. ಅಲ್ಲಿ ಚಾದರ್ ಬೇಡ, ಎರಡೂ ಕೈ ಸಿಗುತ್ತವೆ.